ಪರಿಹಾರದ ಹಣ, ಹೊಸ ಮನೆ ಮತ್ತು ಅಂಗಳದ ಹಲಗೆ ಹಾಸು

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಸಂಬಂಧಿಸಿ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಕೈಗೊಂಡ ತೀರ್ಮಾನದ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದಾಗ ಮುಳುಗಡೆಯಾಗುವ ಸುಮಾರು 75 ಸಾವಿರ ಎಕರೆ ಜಮೀನಿನಲ್ಲಿ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಭೂಮಿಗೆ 30 ಲಕ್ಷ ರೂಪಾಯಿ ನೀಡುವುದೆಂದು ಅಂದು ನಿರ್ಧಾರವಾಯಿತು. ದರ ಸಾಕೇ ಸಾಲದೇ, ಹಣ ಯಾವಾಗ ಕೈಗೆ ಬರುತ್ತದೆ ಎಂಬ ಪ್ರಶ್ನೆಗಳೇ ಇದುವರೆಗೆ ಮುಂದಿವೆ. ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿದಿದೆ.

ಹಣದ ಒಂದು ಪಾಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಊಹಿಸಲು ಪಂಡಿತರು ಬೇಕಿಲ್ಲ. ಮುಳುಗಡೆಯ ಮೊದಲ ಹಂತಗಳನ್ನು ಕಂಡ ಬಾಗಲಕೋಟೆ ಜಿಲ್ಲೆಯಲ್ಲಿ ಪರಿಹಾರ ಎಂದರೆ ಮೊದಲು ಮನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹೊಸ ಬಡಾವಣೆಗಳಲ್ಲಿ ನಿವೇಶನ ಕೊಂಡು ಮನೆ ಎಬ್ಬಿಸುವ ಕುಟುಂಬಗಳಿಗೆ ಇಂದು ಗೋಡೆ, ಛಾವಣಿಗಳಷ್ಟೇ ಅಲ್ಲ, ಅಂಗಳದ ನೆಲವೂ ಮಾರಾಟಕ್ಕಿದೆ. ಬೆಂಗಳೂರಿನ ಬಂಗಲೆಗಳಲ್ಲಿ, ರೆಸಾರ್ಟುಗಳಲ್ಲಿ ಕಂಡ ಡೆಕ್, ಅಂದರೆ ತೋಟದಲ್ಲೋ ಅಂಗಳದಲ್ಲೋ ತಾರಸಿಯ ಮೇಲೋ ಅಡ್ಡತೊಲೆಗಳ ಮೇಲೆ ಕೂಡಿಸಿದ ಹಲಗೆಯ ನೆಲ, ಈಗ ಮೊಬೈಲ್ ಪರದೆಯ ಮೂಲಕ ಎಲ್ಲ ಊರುಗಳನ್ನೂ ತಲುಪಿದೆ. ಇದಕ್ಕೆ ವಿನ್ಯಾಸಕಾರರಿದ್ದಾರೆ, ಜೋಡಿಸುವ ಕಂಪನಿಗಳಿವೆ, ಚದರ ಅಡಿಯ ಲೆಕ್ಕದಲ್ಲಿ ದರಪಟ್ಟಿಗಳಿವೆ.

ಇದನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಜೀವಮಾನದಲ್ಲಿ ಒಮ್ಮೆ ಬರುವ ಹಣ ಯಾವ ನೆಲದ ಮೇಲೆ, ಯಾರ ಕೈಯಿಂದ, ಎಷ್ಟು ವರ್ಷದ ಬಾಳಿಕೆಗೆ ವಿನಿಯೋಗವಾಗುತ್ತದೆ ಎಂಬುದು ಶೋಕಿಯ ಪ್ರಶ್ನೆಯಲ್ಲ. ಈ ನಾಲ್ಕು ಊರುಗಳ ಮಣ್ಣು, ಬಿಸಿಲು, ಕುಶಲಕರ್ಮಿಗಳ ಬದುಕು ಮೂರೂ ಅದರೊಂದಿಗೆ ತಳುಕು ಹಾಕಿಕೊಂಡಿವೆ.

ಹಡಗಿನಿಂದ ಅಂಗಳಕ್ಕೆ

ಡೆಕ್ ಎಂಬ ಮಾತು ಹಡಗಿನ ಮೇಲ್ಮಾಳಿಗೆಯದು. ತಣ್ಣನೆಯ ದೇಶಗಳಲ್ಲಿ, ವಿಶೇಷವಾಗಿ ಅಗ್ಗದ ಪೈನ್ ಮರ ಹೇರಳವಾಗಿದ್ದ ಉತ್ತರ ಅಮೆರಿಕದಲ್ಲಿ, ಅದು ಮನೆಯ ಹಿತ್ತಲಿಗೆ ಇಳಿದುಬಂತು. ಅಲ್ಲಿ ವರ್ಷದ ಕೆಲವೇ ತಿಂಗಳು ಸಿಗುವ ಬಿಸಿಲಿಗೆ ಮೈಯೊಡ್ಡುವುದೇ ಅದರ ಉದ್ದೇಶ. ಪೈನ್ ಮರ ಬೇಗ ಕೊಳೆಯುವುದರಿಂದ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆತ ದ್ರಾವಣವನ್ನು ಅದಕ್ಕೆ ಊಡಿಸುವ ರೂಢಿ ದಶಕಗಳ ಕಾಲ ನಡೆಯಿತು. ಆರ್ಸೆನಿಕ್ ಮಣ್ಣಿಗೂ ಮಕ್ಕಳ ಕೈಗೂ ತಗಲುತ್ತದೆ ಎಂಬ ಆತಂಕ ಹೆಚ್ಚಿದ ಮೇಲೆ 2003ರ ಅಂತ್ಯಕ್ಕೆ ಅಮೆರಿಕದ ತಯಾರಕರು ಮನೆಬಳಕೆಯ ಮರಕ್ಕೆ ಅದನ್ನು ಬಳಸುವುದನ್ನು ನಿಲ್ಲಿಸಿದರು. ಮರದ ಹುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಅಚ್ಚೊತ್ತಿದ ಸಂಯುಕ್ತ ಹಲಗೆ 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದಿತ್ತು. ನಮ್ಮ ವ್ಯಾಪಾರಿಗಳು ಇಂದು ಡಬ್ಲ್ಯುಪಿಸಿ ಎಂದು ಮಾರುವುದು ಇದೇ ಹಲಗೆಯನ್ನು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಿಸಿಲನ್ನು ಬೇಡುವ ನಾಡಿನಲ್ಲಿ ಹುಟ್ಟಿದ ವಿನ್ಯಾಸ, ಬಿಸಿಲಿನಿಂದ ತಪ್ಪಿಸಿಕೊಳ್ಳುವ ನಾಡಿಗೆ ಬದಲಾವಣೆಯಿಲ್ಲದೆ ಬಂದಿದೆ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ಮುಧೋಳ ಅಥವಾ ಬೀಳಗಿಯ ಮಧ್ಯಾಹ್ನದಲ್ಲಿ ನೆರಳಿಲ್ಲದ ಕಡುಬಣ್ಣದ ಸಂಯುಕ್ತ ಹಲಗೆಯ ಮೇಲೆ ಬರಿಗಾಲಿಡಲಾಗದು. ಬೆಳಿಗ್ಗೆ ಎಂಟರೊಳಗೆ, ಸಂಜೆ ಆರರ ನಂತರ ಮಾತ್ರ ಬಳಕೆಗೆ ಬರುವ ನೆಲಕ್ಕೆ ಎಷ್ಟು ವೆಚ್ಚ ಮಾಡಬೇಕು ಎಂಬುದು ವಿನ್ಯಾಸದ ಮೊದಲ ಪ್ರಶ್ನೆಯಾಗಬೇಕು. ದರಪಟ್ಟಿಗಳಲ್ಲಿ ಈ ಪ್ರಶ್ನೆ ಕಾಣುವುದಿಲ್ಲ.

ಕಟ್ಟೆ, ಪಡಸಾಲೆ, ಮಾಳಿಗೆ

ಮನೆಯ ಹೊರಗೆ ಕೂಡುವ ಜಾಗಕ್ಕೆ ಈ ಭಾಗದಲ್ಲಿ ಹೆಸರಿಗೆ ಬರವಿರಲಿಲ್ಲ. ಬೀದಿಗೆ ಮುಖಮಾಡಿದ ಕಟ್ಟೆ, ಒಳಗೆ ಹೆಜ್ಜೆಯಿಟ್ಟರೆ ಪಡಸಾಲೆ, ಹಿಂದೆ ಹಿತ್ತಲು, ಮೇಲೆ ಮಾಳಿಗೆ. ಮರದ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಚಿಲಕಿ, ಅದರ ಮೇಲೆ ಮಣ್ಣು ಹೊದಿಸಿದ ಮಾಳಿಗೆಯಲ್ಲಿ ಬೇಸಿಗೆಯ ರಾತ್ರಿ ಇಡೀ ಕುಟುಂಬ ಮಲಗುತ್ತಿತ್ತು, ಹಗಲಿನಲ್ಲಿ ಮೆಣಸಿನಕಾಯಿ, ಸಂಡಿಗೆ ಒಣಗುತ್ತಿದ್ದವು. ಪಟವರ್ಧನರ ಜಮಖಂಡಿಯಲ್ಲೂ ಘೋರ್ಪಡೆಯವರ ಮುಧೋಳದಲ್ಲೂ ಅನುಕೂಲಸ್ಥರ ವಾಡೆಗಳಿಗೆ ನಡುವೆ ತೆರೆದ ಚೌಕವಿರುತ್ತಿತ್ತು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗವೂ ಸಂಸಾರವೂ ಒಂದೇ ಸೂರಿನಡಿ ಇರುವಾಗ ಹೊರಗಿನ ಜಾಗ ಕೆಲಸದ ಜಾಗವೂ ಹೌದು. ಅಲ್ಲಿನವರಿಗೆ ಹಾಸು ಎಂದರೆ ಮೊದಲು ನೆನಪಾಗುವುದು ಹೊಕ್ಕಿನ ಜೊತೆಗಾರನಾದ ನೂಲಿನ ಹಾಸು, ಆಮೇಲೆ ನೆಲದ ಹಾಸು.

ಈ ತಿಳಿವಳಿಕೆಗೆ ಆಧುನಿಕ ಮನ್ನಣೆ ದೊರೆತದ್ದೂ ಇದೇ ಜಿಲ್ಲೆಯಲ್ಲಿ ಎಂಬುದು ಗಮನಾರ್ಹ. ಆಲಮಟ್ಟಿ ಹಿನ್ನೀರಿನಲ್ಲಿ ಭಾಗಶಃ ಮುಳುಗಿದ ಬಾಗಲಕೋಟೆಗೆ ಬದಲಾಗಿ ಎದ್ದ ನವನಗರದ ಯೋಜನೆಯನ್ನು 1980ರ ದಶಕದಲ್ಲಿ ರೂಪಿಸಿದವರು ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ (1930-2015). ಬಿಸಿ ಹವೆಯ ನಾಡಿನಲ್ಲಿ ಆಕಾಶಕ್ಕೆ ತೆರೆದುಕೊಂಡ ಜಾಗವೂ ಒಂದು ಕೋಣೆಯೇ, ಬಡವನ ಮನೆಯಲ್ಲಂತೂ ಅದು ಅತ್ಯಂತ ಅಗ್ಗದ ಕೋಣೆ ಎಂಬುದು ಅವರು ಜೀವನವಿಡೀ ಪ್ರತಿಪಾದಿಸಿದ ವಿಚಾರ. ಅಡುಗೆ, ಮಲಗುವುದು, ಮಾತುಕತೆ, ಮಕ್ಕಳ ಆಟಗಳಲ್ಲಿ ಬಹುಭಾಗ ಅಂಗಳದಲ್ಲಿ ನಡೆಯುವಾಗ ಅಂಗಳವನ್ನು ಉಳಿಕೆ ಜಾಗವೆಂದು ಕಾಣಬಾರದು ಎಂಬುದು ಅದರ ತಾತ್ಪರ್ಯ.

ಹಾಗಿದ್ದರೆ ಡೆಕ್ ಎಂಬುದು ಈ ವಿಚಾರದ ಮುಂದುವರಿಕೆಯೇ? ಹೌದು ಮತ್ತು ಅಲ್ಲ. ಹೊರಗೆ ಕೂಡುವ ಆಸೆಯ ಮಟ್ಟಿಗೆ ಹೌದು. ಆದರೆ ಕಟ್ಟೆ ಬೀದಿಗೆ ಸೇರಿದ್ದು. ದಾರಿಹೋಕರು ಕೇಳದೆಯೇ ಕೂಡಬಹುದಾಗಿದ್ದ ಜಾಗವದು. ಡೆಕ್ ಗೇಟಿನ ಒಳಗೆ, ಗೋಡೆಯ ಮರೆಯಲ್ಲಿ ಇರುತ್ತದೆ. ಊರು ಬಿಟ್ಟು ಬಂದು ಹೊಸ ಬಡಾವಣೆಯಲ್ಲಿ ನೆರೆಹೊರೆಯನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾದ ಕುಟುಂಬಗಳಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಹಿಂಬದಿಯಲ್ಲಿ ಡೆಕ್ ಹಾಕಿಸುವವರೂ ಮುಂಬಾಗಿಲಲ್ಲಿ ನಾಲ್ಕು ಜನ ಕೂಡುವ ಕಲ್ಲಿನ ಕಟ್ಟೆಯೊಂದನ್ನು ಉಳಿಸಿಕೊಂಡರೆ ಅದರ ಲಾಭ ಇಡೀ ಓಣಿಗೆ.

ಎರೆ ಮಣ್ಣಿನ ಲೆಕ್ಕ

ಈಗ ತಾಂತ್ರಿಕ ವಿಚಾರಕ್ಕೆ ಬರೋಣ. ಕೃಷ್ಣಾ, ಘಟಪ್ರಭಾ ನದಿಗಳ ಇಕ್ಕೆಲದ ಎರೆ ಭೂಮಿ ಕಬ್ಬಿಗೆ ಎಷ್ಟು ಒಳ್ಳೆಯದೋ ಕಟ್ಟಡಕ್ಕೆ ಅಷ್ಟೇ ಕಷ್ಟದ್ದು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಆಳದವರೆಗೆ ಬಿರಿಯುತ್ತದೆ. ಇದರ ಮೇಲೆ ನೇರವಾಗಿ ಕಾಂಕ್ರೀಟು ಸುರಿದು ಟೈಲ್ಸ್ ಕೂಡಿಸಿದ ಅಂಗಳಗಳು ಎರಡು ಮೂರು ವರ್ಷಗಳಲ್ಲೇ ಬಿರುಕು ಬಿಡುವುದು ಇಲ್ಲಿನ ಎಲ್ಲರಿಗೂ ಗೊತ್ತಿರುವ ಸಂಗತಿ.

ಈ ಒಂದು ವಿಷಯದಲ್ಲಿ ಹಲಗೆ ಹಾಸಿಗೆ ನಿಜವಾದ ಅನುಕೂಲವಿದೆ. ಅದು ನೆಲಕ್ಕೆ ಅಂಟಿಕೊಳ್ಳದೆ ಕಾಲುಗಳ ಮೇಲೆ ನಿಲ್ಲುತ್ತದೆ. ಎತ್ತರ ಹೊಂದಿಸಬಹುದಾದ ಕಾಲುಗಳಿದ್ದರೆ ನೆಲ ಅಲುಗಿದಾಗ ಮತ್ತೆ ಸಮಮಾಡಬಹುದು. ಆದರೆ ಇದಕ್ಕೆ ಶರತ್ತುಗಳಿವೆ. ಮೇಲ್ಪದರದ ಎರೆ ಮಣ್ಣನ್ನು ತೆಗೆದು ಗರಸು ತುಂಬಿ ಧಮ್ಮಸ್ಸು ಮಾಡದೆ ಕಾಲು ಊರುವುದು ವ್ಯರ್ಥ. ಅಡ್ಡತೊಲೆಗಳ ನಡುವಿನ ಅಂತರ 40 ಸೆಂಟಿಮೀಟರ್ ಮೀರಬಾರದು, ಸಂಯುಕ್ತ ಹಲಗೆಯಾದರೆ 30 ಸೆಂಟಿಮೀಟರಿಗೆ ಇಳಿಸುವುದು ಕ್ಷೇಮ. ನಮ್ಮ ಬಡಿಗರು ಜಂತಿಗೆ ಹಾಕುತ್ತಿದ್ದ ಲೆಕ್ಕವೇ ಇದು. ಹಲಗೆಗಳ ನಡುವೆ 5ರಿಂದ 6 ಮಿಲಿಮೀಟರ್ ಸಂದು ಬಿಡಬೇಕು. ಸಂಯುಕ್ತ ಹಲಗೆ ಬಿಸಿಗೆ ಉದ್ದವಾಗುತ್ತದೆ. ಮಿಶ್ರಣವನ್ನು ಅನುಸರಿಸಿ, ಎರಡೂವರೆ ಮೀಟರ್ ಉದ್ದದ ಹಲಗೆ ಚಳಿಗಾಲದ ಮುಂಜಾವಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ನಡುವೆ 4-5 ಮಿಲಿಮೀಟರ್‌ನಷ್ಟು ಬೆಳೆಯಬಲ್ಲದು. ತುದಿಗಳಲ್ಲಿ ಜಾಗವಿಲ್ಲದಿದ್ದರೆ ಅದು ಕಮಾನಿನಂತೆ ಏಳುತ್ತದೆ. ತಂಪು ಊರಿನಲ್ಲಿ ತರಬೇತಿ ಪಡೆದ ಜೋಡಣೆಗಾರರು ಇಲ್ಲಿ ಎಡವುವುದು ಇಂಥ ಕಡೆಯಲ್ಲೇ.

ಎರಡನೆಯದು ನೀರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ 20 ಚದರ ಮೀಟರ್ ಅಂಗಳದ ಮೇಲೆ ಬೀಳುವ ನೀರೇ 11 ಸಾವಿರ ಲೀಟರ್. ಸಿಮೆಂಟು ಬಳಿದ ಅಂಗಳ ಇಷ್ಟನ್ನೂ ಚರಂಡಿಗೆ ತಳ್ಳುತ್ತದೆ. ಸಂದುಗಳಿರುವ ಹಲಗೆ ಹಾಸಿನ ಕೆಳಗೆ ಗರಸು, ಜಲ್ಲಿಕಲ್ಲು ಇದ್ದರೆ ನೀರು ನೆಲಕ್ಕಿಳಿಯುತ್ತದೆ. ಆದರೆ ಬಹಳ ಕಡೆ ನಡೆಯುತ್ತಿರುವುದು ಬೇರೆ. ಮೊದಲು ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿ, ಅದರ ಮೇಲೆ ಡೆಕ್ ಜೋಡಿಸುತ್ತಾರೆ. ಖರ್ಚು ಎರಡು ಪಟ್ಟು, ಲಾಭ ಸೊನ್ನೆ. ಕಾಂಕ್ರೀಟಿಗೆ ಇಳಿಜಾರು ಇಲ್ಲದಿದ್ದರೆ ನೀರು ನಿಂತು ಸೊಳ್ಳೆಗೆ ಮನೆಯಾಗುವುದು ಬೇರೆ. ಹಲಗೆಯ ಕೆಳಗಿನ ಟೊಳ್ಳು ಜಾಗ ಇಲಿ, ಚೇಳು, ಹಾವುಗಳಿಗೂ ಆಶ್ರಯ. ಸುತ್ತಲೂ ಗಾಳಿಯಾಡುವಂತೆ ಸಣ್ಣ ಕಣ್ಣಿನ ಜಾಳಿಗೆ ಹೊಡೆಯುವುದು, ಒಂದೆರಡು ಹಲಗೆಗಳನ್ನು ಬಿಚ್ಚಿ ಒಳಗೆ ನೋಡಲು ಬರುವಂತೆ ಇಡುವುದು ಇಲ್ಲಿ ಅತ್ಯಗತ್ಯ. ಗೆದ್ದಲಿನ ಕಾರಣಕ್ಕಾಗಿ ಗೋಡೆಗೂ ಹಾಸಿಗೂ ನಡುವೆ ಸಂದಿರಲೇಬೇಕು.

ಮೂರನೆಯದು ಪ್ರವಾಹ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಮುಧೋಳದೊಳಗೆ ನುಗ್ಗಿದ್ದನ್ನೂ ಕೃಷ್ಣೆ ಜಮಖಂಡಿ ತಾಲ್ಲೂಕಿನ ಊರುಗಳನ್ನು ಸುತ್ತುವರಿದದ್ದನ್ನೂ ಯಾರೂ ಮರೆತಿಲ್ಲ. ಪ್ರವಾಹದ ನೀರಿನಲ್ಲಿ ಹಗುರ ಹಲಗೆಯ ಅಂಕಣ ತೇಲಬಲ್ಲದು, ಕೆಳಗೆ ಸೇರಿದ ಕೆಸರು ತಿಂಗಳುಗಟ್ಟಲೆ ಒಣಗದು. ನದಿಯಂಚಿನ ಓಣಿಗಳಲ್ಲಿ ಕಲ್ಲಿನ ಫರಸಿಗೆ ಸಾಟಿಯಾದುದು ಇನ್ನೂ ಬಂದಿಲ್ಲ ಎಂದರೆ ಅತಿಶಯೋಕ್ತಿಯಾಗದು.

ತಾರಸಿಯ ಮೇಲಿನ ಅಪಾಯ

ನಿವೇಶನ ಚಿಕ್ಕದಾದಷ್ಟೂ ತೋಟದ ಆಸೆ ತಾರಸಿಗೆ ಏರುತ್ತದೆ. ಹಿಂದಿನ ಮಾಳಿಗೆಯ ನೆನಪೂ ಅದರ ಹಿಂದಿರಬಹುದು. ಇಲ್ಲಿ ಸೌಂದರ್ಯಕ್ಕಿಂತ ಮೊದಲು ಭಾರದ ಪ್ರಶ್ನೆ ಬರುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ 875ರ ಎರಡನೇ ಭಾಗ ಸೂಚಿಸುವ ಚರಭಾರ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ. ಒಂದು ಅಡಿ ಆಳದ ಹಸಿ ಮಣ್ಣಿನ ತೂಕ ಚದರ ಮೀಟರಿಗೆ 500 ಕಿಲೋಗ್ರಾಂ ದಾಟುತ್ತದೆ. ಅಂದರೆ ಗೋಡೆಯಿಂದ ಗೋಡೆಗೆ ಮಣ್ಣು ತುಂಬಿದ ತಾರಸಿ ತೋಟ, ಎಣಿಕೆಗಿಂತ ಮೂರು ಪಟ್ಟು ಭಾರವನ್ನು ಸದಾಕಾಲ ಹೊರುತ್ತದೆ. ಹಲಗೆಯ ಹಾಸು ಹಗುರ, ಅದರಿಂದ ಅಪಾಯ ಕಡಿಮೆ. ಅಪಾಯವಿರುವುದು ಅದರ ಜೊತೆಗೆ ಬರುವ ಕುಂಡ, ನೀರಿನ ತೊಟ್ಟಿ, ತೂಗುಯ್ಯಾಲೆಗಳಲ್ಲಿ. ಇವನ್ನು ತೊಲೆ, ಕಂಬಗಳ ನೇರಕ್ಕೆ ಇಡಬೇಕೆಂಬ ಸರಳ ನಿಯಮವನ್ನೂ ಪಾಲಿಸದಿದ್ದರೆ ಬಿರುಕು ಖಂಡಿತ. ಮನೆಯ ನಕ್ಷೆ ಹಾಕುವಾಗಲೇ ಎಂಜಿನಿಯರಿಗೆ ಹೇಳಿದರೆ ಕೆಲವು ಕಬ್ಬಿಣದ ಸಲಾಕೆಗಳಲ್ಲಿ ಮುಗಿಯುವ ವಿಷಯ, ಮನೆ ಮುಗಿದ ಮೇಲೆ ಲಕ್ಷಗಳಿಗೆ ಹೋಗುತ್ತದೆ. ಜಲನಿರೋಧಕ ಪದರವನ್ನು ಪರೀಕ್ಷಿಸದೆ ಅದರ ಮೇಲೆ ಹಲಗೆ ಮುಚ್ಚಿದರೆ, ಸೋರಿಕೆ ಎಲ್ಲಿದೆ ಎಂದು ಹುಡುಕಲು ಇಡೀ ಹಾಸನ್ನೇ ಕಿತ್ತುಹಾಕಬೇಕಾಗುತ್ತದೆ.

ಕೆಲಸ ಯಾರಿಗೆ?

ಈ ಚರ್ಚೆಯ ತಿರುಳು ಇರುವುದು ಇಲ್ಲಿ. ಡೆಕ್ ಎಂಬುದರಲ್ಲಿ ಬಡಿಗ ಮತ್ತು ಗೌಂಡಿಗೆ ಗೊತ್ತಿಲ್ಲದ ವಿದ್ಯೆ ಏನೂ ಇಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಎಂಬುದು ಇಲ್ಲಿನ ಮಾಳಿಗೆಯ ವ್ಯಾಕರಣವೇ ಆಗಿತ್ತು. ಆರ್‌ಸಿಸಿ ಛಾವಣಿ ಬಂದ ಮೇಲೆ ಮಾಳಿಗೆಯ ಕೆಲಸ ನಿಂತಿತು, ಕಾರ್ಖಾನೆಯ ಬಾಗಿಲು ಬಂದ ಮೇಲೆ ಬಾಗಿಲುವಾಡದ ಕೆಲಸವೂ ಕಡಿಮೆಯಾಯಿತು. ಈಗ ಅದೇ ವಿದ್ಯೆ ಹೊಸ ಹೆಸರಿನಲ್ಲಿ, ಪ್ಯಾಕೇಜು ರೂಪದಲ್ಲಿ, ಹೊರಗಿನ ತಂಡಗಳ ಜೊತೆ ಊರಿಗೆ ಮರಳುತ್ತಿದೆ. ಹಲಗೆ ಹೊರಗಿನದು, ಸ್ಕ್ರೂ ಹೊರಗಿನದು, ಕೈಯೂ ಹೊರಗಿನದು. ಊರಿನಲ್ಲಿ ಉಳಿಯುವುದು ಬಿಲ್ಲು ಮಾತ್ರ.

ಇದು ಅನಿವಾರ್ಯವೇನಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನ, ಗಾರೆ ಕೆಲಸ, ಕಲ್ಲು ಕೆಲಸ ಮೂರೂ ಸೇರಿವೆ. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15 ಸಾವಿರ ರೂಪಾಯಿ, ಜಾಮೀನಿಲ್ಲದೆ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿ ಸಾಲಕ್ಕೆ ಅದರಲ್ಲಿ ಅವಕಾಶವಿದೆ. ಬಡಿಗರಿಗೆ ಬೇಕಿರುವುದು ಹೊಸ ಸಾಮಗ್ರಿಯ ಪರಿಚಯ: ಸಂಯುಕ್ತ ಹಲಗೆಗೆ ಎಷ್ಟು ಸಂದು, ತುಕ್ಕು ಹಿಡಿಯದ ಉಕ್ಕಿನ ಸ್ಕ್ರೂ ಏಕೆ, ಮರೆಯ ಕ್ಲಿಪ್ಪು ಕೂಡಿಸುವುದು ಹೇಗೆ. ವಾರವೊಂದರಲ್ಲಿ ಕಲಿಯಬಹುದಾದ ಸಂಗತಿಗಳಿವು. ಸರ್ಕಾರಕ್ಕೆ ಕಾಯದೆ ತಮ್ಮ ದುಡ್ಡು, ತಮ್ಮ ಶ್ರಮದಿಂದ 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿಕೊಂಡ ರೈತರ ತಾಲ್ಲೂಕಿಗೆ ಹತ್ತು ಬಡಿಗರ ತಂಡ ಕಟ್ಟುವುದು ಅಸಾಧ್ಯವೆಂದು ಯಾರೂ ಹೇಳಲಾರರು.

ಸಾಮಗ್ರಿಯ ವಿಷಯದಲ್ಲೂ ಊರಿನತ್ತ ನೋಡಲು ಕಾರಣಗಳಿವೆ. ಹಳೆಯ ಮನೆ ಕೆಡವಿದಾಗ ಸಿಗುವ ಸಾಗವಾನಿ, ಜಾಲಿಯ ತೊಲೆಗಳು ದಶಕಗಳ ಕಾಲ ಒಣಗಿ ಪಕ್ವವಾದ ಮರ. ಗೆದ್ದಲು ತಿನ್ನದ ಭಾಗವನ್ನು ಸೀಳಿಸಿದರೆ ಸಣ್ಣ ಹಾಸಿಗೆ ಅದಕ್ಕಿಂತ ಉತ್ತಮ ಹಲಗೆ ಸಿಗದು. ಮುಳುಗುವ ಮನೆಯ ಜಂತಿ ಹೊಸ ಮನೆಯ ಅಂಗಳಕ್ಕೆ ಬರುವುದರಲ್ಲಿ ಉಳಿತಾಯವೂ ಇದೆ, ನೆನಪೂ ಇದೆ. ಕಲ್ಲಿನ ಮಾತಂತೂ ಹೇಳಬೇಕಿಲ್ಲ. ಸುಣ್ಣಕಲ್ಲಿನ ಮುಧೋಳ-ಲೋಕಾಪುರ, ಗ್ರಾನೈಟಿನ ಇಳಕಲ್, ಮರಳುಗಲ್ಲಿನ ಬಾದಾಮಿ ಒಂದೇ ಜಿಲ್ಲೆಯಲ್ಲಿವೆ. ಗರಸಿನ ಮೇಲೆ ಸಂದುಬಿಟ್ಟು ಹಾಸಿದ ತಿಳಿಬಣ್ಣದ ಕಲ್ಲು, ಬೇವಿನ ನೆರಳು ಕೂಡಿದರೆ ಡೆಕ್ ಮಾಡಬೇಕಾದ ಕೆಲಸದ ಮುಕ್ಕಾಲು ಪಾಲನ್ನು ತಾನೇ ಮಾಡುತ್ತದೆ.

ಸಕ್ಕರೆ ಕಾರ್ಖಾನೆಗಳ ಈ ನಾಡಿನಲ್ಲಿ ಕಬ್ಬಿನ ಸಿಪ್ಪೆಯ ಬಹುಪಾಲು ವಿದ್ಯುತ್ತಿಗಾಗಿ ಬಾಯ್ಲರಿಗೆ ಬೀಳುತ್ತದೆ. ಸಿಪ್ಪೆಯಿಂದ ಹಲಗೆ ಮಾಡುವ ವಿದ್ಯೆ ಹಳೆಯದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಸಿಪ್ಪೆಯ ಹಲಗೆ ಮತ್ತು ಬಿದಿರಿನ ನೆಲಹಾಸಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಸಾಮಾನ್ಯ ಸಿಪ್ಪೆಹಲಗೆ ಮಳೆಗೆ ನಿಲ್ಲದು, ಮನೆಯೊಳಗಿನ ಬಳಕೆಗೇ ಸರಿ. ಆದರೆ ಮರದ ಹುಡಿಯ ಬದಲು ಸಿಪ್ಪೆಯ ನಾರನ್ನು ಪ್ಲಾಸ್ಟಿಕ್ ಜೊತೆ ಬೆರೆಸಿ ಹೊರಾಂಗಣ ಹಲಗೆ ತಯಾರಿಸಲು ತಾಂತ್ರಿಕ ಅಡ್ಡಿಯಿಲ್ಲ. ಕಚ್ಚಾ ಮಾಲು ಮನೆಬಾಗಿಲಲ್ಲಿರುವ ಜಿಲ್ಲೆ ಹಲಗೆಯನ್ನು ದೂರದಿಂದ ತರಿಸುವುದೆಂದರೆ ವಿಪರ್ಯಾಸವಲ್ಲದೆ ಮತ್ತೇನು?

ಕರಾರಿಲ್ಲದೆ ಕೆಲಸ ಬೇಡ

ಇಷ್ಟಾಗಿಯೂ ಹೊರಗಿನ ಕಂಪನಿಗೇ ಕೆಲಸ ಕೊಡುವವರು ಕೆಲವು ಎಚ್ಚರಗಳನ್ನು ಪಾಲಿಸಬೇಕು. ದರಪಟ್ಟಿಯಲ್ಲಿ ಹಲಗೆಯ ದರ ಮಾತ್ರವಲ್ಲ, ಅಡಿಯ ಚೌಕಟ್ಟು ಯಾವುದರದು, ಸ್ಕ್ರೂ ಯಾವ ದರ್ಜೆಯದು, ನೆಲ ಸಿದ್ಧಪಡಿಸುವ ಹೊಣೆ ಯಾರದು ಎಂಬುದು ಬರವಣಿಗೆಯಲ್ಲಿರಬೇಕು. ಹತ್ತು ವರ್ಷದ ಗ್ಯಾರಂಟಿ ಎಂದರೆ ಬಣ್ಣಕ್ಕೋ, ಬಾಗುವುದಕ್ಕೋ, ಗೆದ್ದಲಿಗೋ, ಜೋಡಣೆಗೋ ಎಂದು ಕೇಳಬೇಕು. ಹಲಗೆಗೆ ತಯಾರಕರ ಗ್ಯಾರಂಟಿಯಿದ್ದು ಜೋಡಣೆಗೆ ಯಾರದೂ ಇಲ್ಲದಿದ್ದರೆ, ಹಾಸು ಎದ್ದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಕೊನೆಯ ಕಂತನ್ನು ಒಂದು ಮಳೆಗಾಲ ಮುಗಿಯುವವರೆಗೆ ಹಿಡಿದಿಡುವ ಕರಾರು ಮಾಡಿಕೊಳ್ಳುವುದು ಜಾಣತನ. ಸೇವಾ ನ್ಯೂನತೆಗೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಬಾಗಿಲು ತೆರೆದಿದೆ. ರಸೀದಿ, ಕರಾರು ಪತ್ರಗಳಿಲ್ಲದವರು ಅಲ್ಲಿ ಹೇಳಲು ಏನೂ ಉಳಿಯುವುದಿಲ್ಲ.

ಸ್ಥಳೀಯ ಸಂಸ್ಥೆಗಳಿಗೂ ಇದರಲ್ಲಿ ಪಾಲಿದೆ. ನಕ್ಷೆಗೆ ಮಂಜೂರಾತಿ ನೀಡುವಾಗ ಸುತ್ತ ಬಿಡುವ ಖಾಲಿ ಜಾಗದ ಅಳತೆಯನ್ನು ನೋಡಲಾಗುತ್ತದೆ, ಆ ಜಾಗಕ್ಕೆ ಸಿಮೆಂಟು ಬಳಿಯಲಾಯಿತೇ ಎಂಬುದನ್ನಲ್ಲ. ಅಂಗಳದ ಇಷ್ಟು ಪಾಲು ನೀರು ಹೀರುವಂತಿರಬೇಕೆಂದು ಈ ಊರುಗಳ ಪೌರ ಸಂಸ್ಥೆಗಳು ಗೊತ್ತುಪಡಿಸಬಹುದು. ಮೂರನೇ ಹಂತದ ಪುನರ್ವಸತಿ ಬಡಾವಣೆಗಳು ಇನ್ನು ಮೇಲೆ ರೂಪುಗೊಳ್ಳಬೇಕಿರುವುದರಿಂದ, ನಿಯಮವನ್ನು ಅಲ್ಲಿಂದಲೇ ಆರಂಭಿಸಲು ಇದಕ್ಕಿಂತ ಒಳ್ಳೆಯ ಸಮಯ ಬಾರದು.

ಮನೆ ಕಟ್ಟಿ ನೋಡು ಎಂದ ಹಿರಿಯರು ಖರ್ಚು ಕೈಮೀರುವ ಬಗೆಯನ್ನು ಬಲ್ಲವರಾಗಿದ್ದರು. ಪರಿಹಾರದ ಹಣದಲ್ಲಿ ಕಟ್ಟುವ ಮನೆಗೆ ಅಡಿಪಾಯ, ನೀರಿನ ಸಂಗ್ರಹ, ಒಂದು ನೆರಳಿನ ಮರ ಮೊದಲು. ಹಲಗೆಯ ಹಾಸು ಆಮೇಲೆ, ಅದೂ ಬೇಕೆನಿಸಿದರೆ ಮಾತ್ರ. ಹಾಕಿಸುವುದಾದರೆ ಎರೆ ಮಣ್ಣನ್ನು ಬಲ್ಲ ಗೌಂಡಿಯನ್ನೂ ಜಂತಿಯ ಲೆಕ್ಕ ಬಲ್ಲ ಬಡಿಗನನ್ನೂ ಮೊದಲು ಕರೆದು ಕೇಳುವುದು ಒಳ್ಳೆಯದು. ಭೂಮಿ ಕಳೆದುಕೊಂಡವರ ಹಣ ಊರಿನ ದುಡಿಯುವ ಕೈಗಳನ್ನು ಒಮ್ಮೆಯಾದರೂ ಮುಟ್ಟಿ ಹೋದರೆ, ಮುಳುಗಡೆಯ ನಾಡಿಗೆ ಅಷ್ಟಾದರೂ ದಕ್ಕಿದಂತಾಗುತ್ತದೆ.